ಬೇಲಿ ಕಲ್ಲು, ಬೆಲ್ಲದ ಪಾಕ ಮತ್ತು ನಲವತ್ತೈದು ಮೀಟರ್ ತಂತಿ

ಹೋದ ವರ್ಷ ಎಂಟನೇ ಕ್ಲಾಸಿನ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ಅರಮನೆ, ಝೂ ಎಲ್ಲ ಮುಗಿಸಿ ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯಕ್ಕೆ ಕಾಲಿಟ್ಟಾಗ ಸಂಜೆ ಆಗುತ್ತಾ ಬಂದಿತ್ತು. ವಾಪಸ್ ಬರುವಾಗ, ಬಸ್ಸು ಶ್ರೀರಂಗಪಟ್ಟಣ ದಾಟುತ್ತಿದ್ದಂತೆ, ಹಿಂದಿನ ಸೀಟಿನ ಹುಡುಗಿ ಎದ್ದು ಬಂದು ಕೇಳಿದಳು: "ಸಾರ್, ನಮ್ಮ ಮಂಡ್ಯದಲ್ಲಿ ಅಗೆದ್ರೆ ಡೈನೋಸಾರ್ ಸಿಗಲ್ವಾ?"

ನಾನು ಡ್ರಾಯಿಂಗ್ ಮೇಷ್ಟ್ರು. "ಸಿಗಲ್ಲ" ಅಂದೆ. "ಯಾಕೆ ಸಾರ್?" ಅಂದಳು. ಅಲ್ಲಿಗೆ ನನ್ನ ಸರಕು ಮುಗಿಯಿತು.

ಪಕ್ಕದಲ್ಲಿದ್ದ ವಿಜ್ಞಾನದ ಮೇಡಂ ಕೈ ಹಿಡಿದರು. ಮೂಳೆ ಕಲ್ಲಾಗಬೇಕಾದರೆ ಮೊದಲು ಅದು ಕೆಸರಲ್ಲೋ ಮರಳಲ್ಲೋ ಹೂತುಹೋಗಬೇಕು. ಆ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಗಬೇಕು. ನಮ್ಮ ಕಾಲಡಿ ಇರುವುದು ಆ ಥರದ ಕಲ್ಲಲ್ಲ. ಭೂಮಿಯ ಆಳದಲ್ಲಿ ಬೆಂದು, ಹಿಂಡಿ, ಮಡಚಿಕೊಂಡು ಬಂದ ನೈಸ್ (gneiss) ಅನ್ನುವ ಕಲ್ಲು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಹುಟ್ಟಿದ್ದು ಬರೀ 23 ಕೋಟಿ ವರ್ಷದ ಹಿಂದೆ. ಅವುಗಳ ಕಾಲದ ಕೆಸರಿನ ಪದರ ಇಲ್ಲಿ ಉಳಿದೇ ಇಲ್ಲ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರೆ ನಮ್ಮ ತೋಟದ ಬೇಲಿ ಕಲ್ಲು ಡೈನೋಸಾರ್‌ಗಿಂತ ಹಳೇದಾ?" ಅಂದಳು.

ನಮ್ಮ ಶಾಲೆಯ ಪಳೆಯುಳಿಕೆ ಕೋಣೆ ಶುರುವಾಗಿದ್ದು ಆ ಪ್ರಶ್ನೆಯಿಂದ. ಮುರಿದ ಬೆಂಚು ತುಂಬಿದ್ದ ಸ್ಟೋರ್ ರೂಮ್ ಒಂದಿತ್ತು. ಒಂಬತ್ತು ಮೀಟರ್ ಉದ್ದ, ಆರು ಮೀಟರ್ ಅಗಲ. ಹೆಡ್ ಮೇಷ್ಟ್ರು ಬೀಗದ ಕೈ ಕೊಟ್ಟರು, ಜೊತೆಗೆ ಒಂದು ಷರತ್ತು: ಆಡಿಟ್‌ಗೆ ಬೆಂಚಿನ ಲೆಕ್ಕ ಸಿಗಬೇಕು. ನಮ್ಮ ಷರತ್ತೂ ಒಂದಿತ್ತು. ಗಾಜಿನ ಪೆಟ್ಟಿಗೆ ಬೇಡ. ಕೋಣೆಯಲ್ಲಿ ಏನಿದ್ದರೂ ಕೈಯಲ್ಲಿ ಮುಟ್ಟುವ ಹಾಗಿರಬೇಕು. ಮುರಿದರೆ ನಾನು ರಿಪೇರಿ ಮಾಡಬೇಕು. ಕೊನೆಯ ಮಾತನ್ನು ಯಾಕೆ ಒಪ್ಪಿಕೊಂಡೆನೋ ಗೊತ್ತಿಲ್ಲ.

ಸಾಲಿಗ್ರಾಮದ ಅಚ್ಚು

ಮುಟ್ಟೋಕೆ ಕೊಡಲು ನಮ್ಮ ಹತ್ತಿರ ಪಳೆಯುಳಿಕೆ ಎಲ್ಲಿತ್ತು? ಒಂದೂ ಇರಲಿಲ್ಲ. ದುಡ್ಡು ಕೊಟ್ಟು ತರಿಸುವುದು ನನಗೆ ಇಷ್ಟವಿರಲಿಲ್ಲ. ಅಸಲಿ ಯಾವುದು, ನಕಲಿ ಯಾವುದು, ಎಲ್ಲಿಂದ ಕಿತ್ತು ತಂದರು, ಒಂದೂ ಗೊತ್ತಾಗಲ್ಲ. ಆಗ ಮೇಡಂ ಹೇಳಿದರು, "ಸಾಲಿಗ್ರಾಮ ಇದೆಯಲ್ಲ ಸಾರ್!"

ಅಲ್ಲೇ ಇದ್ದ ಹುಡುಗ, "ಕೆ.ಆರ್. ನಗರದ ಹತ್ರ ಇರೋ ಊರಾ ಮಿಸ್?" ಅಂದ. ಅಲ್ಲ. ದೇವರ ಮನೆಯ ಸಾಲಿಗ್ರಾಮ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಕರಿ ಕಲ್ಲು. ಅದರೊಳಗಿನ ಚಕ್ರ ಅಮ್ಮೋನೈಟ್ ಅನ್ನುವ ಕಡಲ ಜೀವಿಯ ಚಿಪ್ಪು. ಈಗಿನ ಆಕ್ಟೋಪಸ್, ಸ್ಕ್ವಿಡ್‌ಗಳ ದೂರದ ನೆಂಟ. ಹಿಮಾಲಯ ಏಳುವುದಕ್ಕೆ ಮುಂಚೆ ಅಲ್ಲಿ ಟೆಥಿಸ್ ಅನ್ನುವ ಸಮುದ್ರ ಇತ್ತು. ಅದರ ತಳದ ಕೆಸರಿನಲ್ಲಿ ಹೂತ ಚಿಪ್ಪು ಈಗ ಬೆಟ್ಟದ ಮೇಲಿಂದ ನದಿಗೆ ಉರುಳಿ ಬರುತ್ತದೆ.

ನಮ್ಮ ಬೀದಿಯ ಹಿರಿಯರೊಬ್ಬರ ಮನೆಯಲ್ಲಿ ಒಡೆದು ತೆರೆದುಕೊಂಡ ಸಾಲಿಗ್ರಾಮ ಇತ್ತು. ಚಕ್ರದ ಗೆರೆಗಳು ಎಣಿಸುವಷ್ಟು ಚೆನ್ನಾಗಿದ್ದವು. ಅಚ್ಚು ತೆಗೆಯಲು ನಾನು ಸಿಲಿಕೋನ್ ರಬ್ಬರ್ ತೆಗೆದುಕೊಂಡು ಹೋಗಿದ್ದೆ. ಅವರು ಡಬ್ಬಿ ಮೂಸಿ ನೋಡಿ, "ಇದನ್ನ ದೇವರ ಮೇಲೆ ಸುರೀತೀರಾ?" ಅಂದರು. ನಾನು ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಅರ್ಧ ಗಂಟೆ ಮಾತು, ಎರಡು ಲೋಟ ಕಾಫಿ ಆದ ಮೇಲೆ ಅವರೇ ದಾರಿ ತೋರಿಸಿದರು. ಮಣ್ಣಾದರೆ ಅಡ್ಡಿಯಿಲ್ಲ. ಗಣಪತಿಯನ್ನೂ ಮಣ್ಣಲ್ಲೇ ತಾನೇ ಮಾಡೋದು?

ಗಣಪತಿ ಮಾಡುವವರ ಹತ್ತಿರ ಹದ ಮಾಡಿದ ಜೇಡಿಮಣ್ಣು ತಂದೆ. ಸಾಲಿಗ್ರಾಮಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಮಣ್ಣಿನ ಬಿಲ್ಲೆಗೆ ಒತ್ತಿ, ಅಲ್ಲಾಡಿಸದೆ ನೇರವಾಗಿ ಎತ್ತಿದೆ. ಮೊದಲ ಸಲ ಅಂಚು ಹರಿಯಿತು. ಮಣ್ಣು ಜಾಸ್ತಿ ಒದ್ದೆ. ಬಿಲ್ಲೆಯನ್ನು ಅರ್ಧ ಗಂಟೆ ನೆರಳಲ್ಲಿಟ್ಟು, ಬೆರಳು ಒತ್ತಿದರೆ ಗುರುತು ಬಿದ್ದು ಮಣ್ಣು ಅಂಟದ ಹದ ಬಂದಾಗ ಮತ್ತೆ ಒತ್ತಿದೆ. ಗೆರೆ ಗೆರೆಯೂ ಬಂತು. ಅವರು ಸಾಲಿಗ್ರಾಮಕ್ಕೆ ಹಾಲಿನ ಅಭಿಷೇಕ ಮಾಡಿ ಒಳಗಿಟ್ಟರು. ನಾನು ಐದು ಬಿಲ್ಲೆಗಳನ್ನು ಟಿಫನ್ ಕ್ಯಾರಿಯರ್‌ನಲ್ಲಿಟ್ಟುಕೊಂಡು ಸ್ಕೂಟರ್‌ನಲ್ಲಿ ಇಪ್ಪತ್ತರ ಸ್ಪೀಡಲ್ಲಿ ಬಂದೆ.

ಎರಕಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಅಂಗಡಿಯವರು ಕೊಟ್ಟ ಮೊದಲ ಚೀಲ ಹಳೇ ಸ್ಟಾಕು. ಒಂದು ಗಂಟೆ ಕಾದರೂ ಮೊಸರಿನ ಹಾಗೇ ಇತ್ತು. ಎರಡು ಬಿಲ್ಲೆ ಹಾಳಾದವು. ಈಗ ನಾನು ಚೀಲ ಬಿಚ್ಚಿಸಿ, ಒಂದು ಹಿಡಿ ಪುಡಿ ಹಿಸುಕಿ ನೋಡಿಯೇ ತರುತ್ತೇನೆ. ಗಂಟು ಗಂಟಾಗಿದ್ದರೆ ತೇವ ಕುಡಿದಿದೆ ಅಂತ ಅರ್ಥ. ಕಲಸುವಾಗ ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಒಂದು ಲೋಟ ನೀರಿಗೆ ಹೆಚ್ಚುಕಡಿಮೆ ಎರಡು ಲೋಟ ಪುಡಿ. ಒಂದು ನಿಮಿಷ ನೆನೆಯಲು ಬಿಟ್ಟು, ಗುಳ್ಳೆ ಏಳದ ಹಾಗೆ ನಿಧಾನಕ್ಕೆ ತಿರುಗಿಸಿ, ಸುರಿದ ಮೇಲೆ ಮೇಜನ್ನು ಕೆಳಗಿಂದ ಗುದ್ದಬೇಕು. ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಅದರೊಳಗಿನ ನೀರು ಓಡಿಸಿದ ಪುಡಿ ಅದು. ನೀರು ಕೊಟ್ಟರೆ ಮತ್ತೆ ಜಿಪ್ಸಮ್ ಆಗಿ ಶಾಖ ಬಿಡುತ್ತದೆ. ಮಕ್ಕಳು ಇದರಲ್ಲಿ ಕೈ ಮುಳುಗಿಸಿ ಹಸ್ತದ ಅಚ್ಚು ತೆಗೆಯಲು ಹೊರಟಿದ್ದರು. ಬೈದು ನಿಲ್ಲಿಸಿದೆ. ಜಾಸ್ತಿ ಪ್ಲಾಸ್ಟರ್ ಆದರೆ ಕೈ ಸುಡುತ್ತದೆ.

ಮೂರು ಅಚ್ಚು ಉಳಿದವು. ಅದರಿಂದ ಎರಕ, ಎರಕದಿಂದ ಸಿಲಿಕೋನ್ ಅಚ್ಚು, ಅದರಿಂದ ಮೂವತ್ತು ಅಮ್ಮೋನೈಟ್. ಮೇಡಂಗೆ ಬಹಳ ಹಿಡಿಸಿದ್ದು ಸಾಮಾನಲ್ಲ, ಅದನ್ನು ಮಾಡಿದ ರೀತಿ. ಕಡಲ ತಳದಲ್ಲೂ ಕೆಲವು ಸಲ ನಡೆಯುವುದು ಇದೇ ಅಲ್ವಾ? ಕೆಸರಲ್ಲಿ ಚಿಪ್ಪು ಒತ್ತುತ್ತದೆ, ಚಿಪ್ಪು ಕರಗಿ ಜಾಗ ಖಾಲಿಯಾಗುತ್ತದೆ, ಆ ಖಾಲಿ ಜಾಗದಲ್ಲಿ ಖನಿಜ ತುಂಬಿಕೊಳ್ಳುತ್ತದೆ. ಹಾಗಾಗಿ ಎರಕ ಮಾತ್ರವಲ್ಲ, ಮಣ್ಣಿನ ಅಚ್ಚನ್ನೂ ಪಕ್ಕದಲ್ಲಿ ಇಟ್ಟೆವು. ಮಕ್ಕಳೇ ಎರಕವನ್ನು ಅಚ್ಚಿಗೆ ಕೂರಿಸಿ ನೋಡಬೇಕು. ಒಂದೇ ಕೋನದಲ್ಲಿ ಕೂರುತ್ತದೆ. ಕೂತಾಗ 'ಟಕ್' ಅನ್ನುತ್ತದೆ.

ಬೆಲ್ಲದ ತಪ್ಪು

ಅಗೆಯುವ ತೊಟ್ಟಿ ಇಲ್ಲದ ಪಳೆಯುಳಿಕೆ ಕೋಣೆ ಇರುತ್ತದಾ? ಮುರಿದ ಬೆಂಚುಗಳ ಹಲಗೆ ಬಿಚ್ಚಿ ನಾಲ್ಕಡಿಗೆ ಮೂರಡಿ ತೊಟ್ಟಿ ಹೊಡೆದೆವು. ಬೆಂಚಿನ ಲೆಕ್ಕದಲ್ಲಿ "ರೂಪಾಂತರ" ಅಂತ ಬರೆದಿದ್ದೇವೆ.

ಬರೀ ಮರಳು ತುಂಬಿದರೆ ಮಕ್ಕಳು ಎರಡು ನಿಮಿಷಕ್ಕೆ ಕೈ ಹಾಕಿ ಎಲ್ಲ ಎತ್ತಿಬಿಡುತ್ತಾರೆ. ಕಲ್ಲಿನ ಹಾಗೆ ಸ್ವಲ್ಪ ಗಟ್ಟಿ ಇರಬೇಕು, ಬಿದಿರಿನ ಕಡ್ಡಿಗೆ ಬಿಡಬೇಕು. ನನಗೆ ಒಂದು ಭಾರೀ ಐಡಿಯಾ ಹೊಳೆಯಿತು. ಹಳೇ ಕಾಲದ ಗಾರೆಗೆ ಬೆಲ್ಲ ಹಾಕುತ್ತಿದ್ದರು. ನಾವಿರುವುದು ಮಂಡ್ಯದಲ್ಲಿ. ಆಲೆಮನೆ ಪಕ್ಕದಲ್ಲೇ ಇದೆ. ಮರಳಿಗೆ ತೆಳು ಬೆಲ್ಲದ ಪಾಕ ಹಾಕಿ ಕಲಸಿ, ಅಮ್ಮೋನೈಟ್ ಹೂತು, ಎರಡು ದಿನ ಒಣಗಿಸಿದೆ. ಹದ ಅಂದ್ರೆ ಹದ! ಕಡ್ಡಿಯಲ್ಲಿ ಕೆರೆದರೆ ಪುಡಿ ಪುಡಿಯಾಗಿ ಉದುರುತ್ತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಬೀಗ ತೆಗೆದರೆ ಬಾಗಿಲಿಂದ ತೊಟ್ಟಿಯವರೆಗೆ ಕಟ್ಟಿರುವೆಗಳ ಮೆರವಣಿಗೆ. ತೊಟ್ಟಿಯೊಳಗೆ ಒಂದೂ ಅಮ್ಮೋನೈಟ್ ಕಾಣುತ್ತಿರಲಿಲ್ಲ, ಬರೀ ಕಪ್ಪು. ಅಟೆಂಡರ್ ಇಣುಕಿ ನೋಡಿ, "ಪಾಯಸ ಮಾಡಿದ್ರಾ ಸಾರ್?" ಅಂತ ಕೇಳಿ ಹೋದ. ಇರುವೆ ಔಷಧಿ ಹೊಡೆಯುವ ಹಾಗಿಲ್ಲ, ಮಕ್ಕಳು ಕೈ ಹಾಕುವ ಜಾಗ. ಎಲ್ಲವನ್ನೂ ಬಾಂಡ್ಲಿಯಲ್ಲಿ ತುಂಬಿ ತೆಂಗಿನ ಮರದ ಬುಡಕ್ಕೆ ಸುರಿದೆವು.

ಎರಡನೇ ಪ್ರಯತ್ನದಲ್ಲಿ ಕೋಪಕ್ಕೆ ಪ್ಲಾಸ್ಟರ್ ಜಾಸ್ತಿ ಸುರಿದೆ. ಅದು ಅಸಲಿ ಕಲ್ಲೇ ಆಯಿತು. ಉಳಿ ಏಟಿಗೆ ತೊಟ್ಟಿಯ ಹಲಗೆ ಬಿರುಕು ಬಿಟ್ಟಿತು, ಕಲ್ಲು ಬಿಡಲಿಲ್ಲ. ಈಗ ನಡೆಯುತ್ತಿರುವುದು ಮೂರನೇ ಹದ: ಆರು ಪಾಲು ತೊಳೆದ ಮರಳು, ಎರಡು ಪಾಲು ಜರಡಿ ಹಿಡಿದ ಕೆರೆ ಮಣ್ಣು, ಒಂದು ಪಾಲು ಪ್ಲಾಸ್ಟರ್. ಒಳಗೆ ಹೂಳುವ ಎರಕಗಳನ್ನು ಬಿಳಿ ಸಿಮೆಂಟಲ್ಲಿ ಮಾಡಿದೆ. ಪ್ಲಾಸ್ಟರ್ ಎರಕಗಳು ಕಡ್ಡಿಗೂ ತರಚಿಹೋಗುತ್ತಿದ್ದವು. ಇನ್ನೊಂದು ಮಾತು. ಒಣ ಮರಳಿನ ನುಣುಪು ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಟಕ್ಕೆ ಮುಂಚೆ ತೊಟ್ಟಿಗೆ ನೀರು ಚಿಮುಕಿಸುತ್ತೇವೆ, ಕಿಟಕಿ ತೆಗೆದಿಡುತ್ತೇವೆ, ಊದಿ ಧೂಳು ಹಾರಿಸಬಾರದು ಅಂತ ಕಟ್ಟುನಿಟ್ಟು.

ಅಗೆದ ಮೇಲೆ ಕವಚ ಕಟ್ಟುವ ಆಟವೂ ಇದೆ. ಬಯಲಲ್ಲಿ ಮೂಳೆ ಸಿಕ್ಕಾಗ ಸಂಶೋಧಕರು ಹಾಗೇ ಕೀಳುವುದಿಲ್ಲ. ಒದ್ದೆ ಕಾಗದ ಹೊದಿಸಿ, ಅದರ ಮೇಲೆ ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿಪಟ್ಟಿ ಸುತ್ತಿ, ಸುತ್ತಲ ಮಣ್ಣಿನ ಸಮೇತ ಎತ್ತುತ್ತಾರೆ. ಮುರಿದ ಕೈಗೆ ಹಿಟ್ಟಿನ ಕಟ್ಟು ಹಾಕಿದ ಹಾಗೆ. ಗೋಣಿಚೀಲಕ್ಕೆ ನಮ್ಮಲ್ಲಿ ಬರ ಇಲ್ಲ. ಈ ಆಟಕ್ಕೆ ಕ್ಯೂ ನಿಲ್ಲುತ್ತದೆ.

ಹಗ್ಗ ಗಿಡ್ಡವಾಯಿತು

ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಭೂಮಿಯ ಕಾಲವನ್ನು ಅಳೆದು ತೋರಿಸುವ ಹಗ್ಗ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಒಂದು ಮೀಟರ್‌ಗೆ 10 ಕೋಟಿ ವರ್ಷ ಅಂತ ಇಟ್ಟುಕೊಂಡರೆ 45 ಮೀಟರ್ 40 ಸೆಂಟಿಮೀಟರ್ ಹಗ್ಗ ಬೇಕು. ಆಗ ಒಂದು ಸೆಂಟಿಮೀಟರ್ ಅಂದರೆ 10 ಲಕ್ಷ ವರ್ಷ, ಒಂದು ಮಿಲಿಮೀಟರ್ ಅಂದರೆ ಒಂದು ಲಕ್ಷ.

ತೆಂಗಿನ ನಾರಿನ ಹಗ್ಗ ತಂದು ಅಳೆದು, ಗೋಡೆಗೆ ಮೊಳೆ ಹೊಡೆದು ಸುತ್ತಿದೆವು. ಬಾಗಿಲಿನ ಪಕ್ಕ "ಈಗ" ಅಂತ ಶುರು. ಚಿಕ್ಕ ಗಂಟು, ಬಣ್ಣದ ದಾರ, ಚೀಟಿ. ಎಲ್ಲ ಮುಗಿಯಿತು ಅನ್ನುವಾಗ ಮಳೆ ಹಿಡಿಯಿತು. ಒಂದು ವಾರ ಬಿಡಲಿಲ್ಲ. ಸ್ಟೋರ್ ರೂಮಿನ ಸೂರು ಸೋರಿ ಹಗ್ಗ ನೆನೆಯಿತು. ಒದ್ದೆಯಾದ ನಾರಿನ ಹಗ್ಗ ಉಬ್ಬಿ ಗಿಡ್ಡವಾಗುತ್ತದೆ ಅಂತ ದನ ಕಟ್ಟುವ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ತಲೆಗೆ ಬರಲಿಲ್ಲ ಅಷ್ಟೆ. ಎರಡು ಮೊಳೆ ಕಿತ್ತು ಬಂದಿದ್ದವು. ಅಳೆದರೆ ಎಪ್ಪತ್ತು ಸೆಂಟಿಮೀಟರ್ ಕಮ್ಮಿ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಅಂದರೆ 66 ಸೆಂಟಿಮೀಟರ್. ಅಲ್ಲಿಂದ ಈಚೆಗಿನ ಅಷ್ಟೂ ಕಾಲವನ್ನು ಒಂದು ವಾರದ ಮಳೆ ನುಂಗಿತ್ತು.

ಸೂರು ಮೊದಲು ರಿಪೇರಿ. ಆಮೇಲೆ ಹಗ್ಗ ಬಿಚ್ಚಿ, ಪ್ಲಾಸ್ಟಿಕ್ ಹೊದಿಕೆಯ ಬಟ್ಟೆ ಒಣಗಿಸುವ ತಂತಿ ಎಳೆದೆವು. ಮೂಲೆಗಳಲ್ಲಿ ರಾಟೆಯಂಥ ಪುಟ್ಟ ಗಾಲಿ. ಸಡಿಲವಾದರೆ ಬಿಗಿ ಮಾಡಲು ಒಂದು ಟರ್ನ್‌ಬಕಲ್. ಅದಾದ ಮೇಲೆ ಇವತ್ತಿನವರೆಗೆ ಅಲ್ಲಾಡಿಲ್ಲ.

ತಂತಿಯ ಮೇಲೆ "ಈಗ" ಅನ್ನುವಲ್ಲಿಂದ ನಡೆದರೆ ಮೊದಲು ಸಿಗುವುದು ಮನುಷ್ಯ: ಮೂರು ಲಕ್ಷ ವರ್ಷ, ಮೂರು ಮಿಲಿಮೀಟರ್, ಕೆಂಪು ನೂಲು. 47 ಸೆಂಟಿಮೀಟರ್‌ಗೆ ಕಛ್‌ನ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ದೈತ್ಯ ಹಾವು. 2024ರಲ್ಲಿ ಅದಕ್ಕೆ ವಾಸುಕಿ ಇಂಡಿಕಸ್ ಅಂತ ಹೆಸರಿಟ್ಟರು. 66 ಸೆಂಟಿಮೀಟರ್‌ಗೆ ಡೈನೋಸಾರ್ ಕೊನೆ. ಅದರ ಪಕ್ಕದಲ್ಲೇ ಗುಜರಾತಿನ ರಾಜಾಸಾರಸ್, 2003ರಲ್ಲಿ ಹೆಸರು ಪಡೆದ ನಮ್ಮ ದೇಶದ ಮಾಂಸಾಹಾರಿ. ಒಂದೂವರೆ ಮೀಟರ್ ಹತ್ತಿರ ಸಾಲಿಗ್ರಾಮ. ಎಂಟು ಮೀಟರ್‌ಗೆ ಚಾಮುಂಡಿ ಬೆಟ್ಟದ ಗ್ರಾನೈಟು. ಇದನ್ನು ಓದಿದವರೆಲ್ಲ ಒಂದು ಸಲ ನಿಲ್ಲುತ್ತಾರೆ. ನಾವು ಮೆಟ್ಟಿಲು ಹತ್ತಿ ನಂದಿಗೆ ಕೈ ಮುಗಿಯುವ ಬೆಟ್ಟಕ್ಕೆ ಸುಮಾರು 80 ಕೋಟಿ ವರ್ಷ. 25 ಮೀಟರ್ ದಾಟಿದ ಮೇಲೆ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸ್ಟ್ರೊಮ್ಯಾಟೊಲೈಟ್: ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು. ಕರ್ನಾಟಕದ ಮಣ್ಣಲ್ಲಿ ಪಳೆಯುಳಿಕೆ ಇಲ್ಲ ಅನ್ನುವವರಿಗೆ ತೋರಿಸಲು ಅದರ ಫೋಟೋ ಹಾಕಿದ್ದೇವೆ.

ಆಮೇಲೆ 30 ಮೀಟರ್. ಕೋಣೆಯ ಸುತ್ತಳತೆಯೂ ಸರಿಯಾಗಿ 30 ಮೀಟರ್. ಇದನ್ನು ನಾವು ಪ್ಲಾನ್ ಮಾಡಿರಲಿಲ್ಲ, ದೇವರಾಣೆ. ಒಂದು ಸುತ್ತು ಮುಗಿಸಿ ತಂತಿ ಮತ್ತೆ ಬಾಗಿಲ ಪಕ್ಕ, ಒಂದಡಿ ಕೆಳಗೆ ಬರುತ್ತದೆ. ಬೇಲಿ ಕಲ್ಲಿನ ಜಾಗ ಅದೇ. ಆ ಹುಡುಗಿಯ ಅಪ್ಪ ಮುರಿದ ಕಲ್ಲುಕಂಬವೊಂದನ್ನು ಟ್ರ್ಯಾಕ್ಟರ್‌ನಲ್ಲಿ ತಂದು ಇಳಿಸಿದರು. ಒಂದು ಮುಖ ಪಾಲಿಶ್ ಮಾಡಿಸಿದೆ. ಕಪ್ಪು ಬಿಳಿ ಪಟ್ಟೆಗಳು ಕಂಬಳಿಯ ಮಡಿಕೆ ಥರ ಸುತ್ತಿಕೊಂಡಿವೆ. ಮೂರು ಮಿಲಿಮೀಟರ್ ಮನುಷ್ಯನ ನೇರ ಕೆಳಗೆ ಆ ಕಲ್ಲು ನಿಂತಿದೆ.

ಪ್ರತಿ ವಸ್ತುವಿಗೂ "ಅಸಲಿ" ಅಥವಾ "ನಕಲು" ಅಂತ ಚೀಟಿ ಇರಬೇಕು ಅನ್ನುವುದು ಮೇಡಂ ಹಟ. ಬರೆದು ಮುಗಿಸಿ ನೋಡಿದರೆ ಇಡೀ ಕೋಣೆಯಲ್ಲಿ "ಅಸಲಿ" ಚೀಟಿ ಇದ್ದದ್ದು ಬೇಲಿ ಕಲ್ಲಿಗೆ ಮಾತ್ರ.

ಕೊಂಬು ಊದುವ ಡೈನೋಸಾರ್

ಪ್ಯಾರಾಸಾರೊಲೋಫಸ್ ಅನ್ನುವ ಈ ಡೈನೋಸಾರ್ ನಮ್ಮ ದೇಶದ್ದಲ್ಲ, ಉತ್ತರ ಅಮೆರಿಕದ್ದು. 1922ರಲ್ಲಿ ವಿಲಿಯಂ ಪಾರ್ಕ್ಸ್ ಹೆಸರಿಟ್ಟದ್ದು. ತಲೆಯಿಂದ ಹಿಂದಕ್ಕೆ ಚಾಚಿದ ಉದ್ದ ಕೊಂಬು. ಅದು ಗಟ್ಟಿಯಲ್ಲ, ಒಳಗೆ ಟೊಳ್ಳು. ಮೂಗಿನಿಂದ ಗಾಳಿ ಕೊಳವೆ ತುದಿವರೆಗೆ ಹೋಗಿ ತಿರುಗಿ ವಾಪಸ್ ಬರುತ್ತದೆ. 1997ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ ಮತ್ತು ನ್ಯೂ ಮೆಕ್ಸಿಕೋದ ಸಂಗ್ರಹಾಲಯದವರು ತಲೆಬುರುಡೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಅದರ ದನಿ ಹೇಗಿರಬಹುದು ಅಂತ ಕೇಳಿಸಿದ್ದರು. ನಮ್ಮ ಜಾತ್ರೆಯ ಕೊಂಬಿನ ತತ್ವವೇ ತಾನೇ? ಒಂದೂಕಾಲು ಇಂಚಿನ ಪಿವಿಸಿ ಪೈಪು, ಎರಡು ಎಲ್ಬೋ, ಒಟ್ಟು 2.3 ಮೀಟರ್. ಒಂದು ತುದಿ ಮುಚ್ಚಿದ ಕೊಳವೆ ಅಂತ ಲೆಕ್ಕ ಹಾಕಿದರೆ ಅದರ ತಳದ ದನಿ ಸೆಕೆಂಡಿಗೆ ಸುಮಾರು 37 ಕಂಪನ. ಕಿವಿಗಿಂತ ಎದೆಗೆ ಜಾಸ್ತಿ ತಾಕುವ ದನಿ.

ಮೊದಲು ಬಾಯಲ್ಲೇ ಊದುವ ಹಾಗೆ ಮಾಡಿದ್ದೆ. ನಲವತ್ತು ಮಕ್ಕಳು ಒಂದೇ ಬಾಯಿಗೆ ಊದಿದರೆ ಏನಾಗುತ್ತದೆ ಅಂತ ಮುಂದಿನ ವಾರದ ಹಾಜರಿ ಪುಸ್ತಕ ಹೇಳಿತು. ಅರ್ಧ ಕ್ಲಾಸಿಗೆ ನೆಗಡಿ.

ಹಾಗಾಗಿ ಬಾಯಿ ಬದಲು ಬಲೂನು. ಎರಡೂವರೆ ಇಂಚಿನ ಪೈಪಿನ ಗೇಣುದ್ದದ ತುಂಡು ತಗೊಂಡು, ಒಂದು ಬದಿಗೆ ಬಲೂನಿನ ರಬ್ಬರನ್ನು ತಮಟೆ ಚರ್ಮದ ಹಾಗೆ ಬಿಗಿದೆ. ಇನ್ನೊಂದು ಬದಿಯಿಂದ ಕೊಂಬಿನ ಪೈಪನ್ನು ಒಳಗೆ ತೂರಿಸಿ, ಅದರ ಬಾಯಿ ರಬ್ಬರಿಗೆ ಒಳಗಿಂದ ತಾಗುವ ಹಾಗೆ ನಿಲ್ಲಿಸಿ, ಸುತ್ತಲ ಸಂದಿಗೆ ಎಂ-ಸೀಲ್ ಮೆತ್ತಿದೆ. ಪಕ್ಕದಲ್ಲಿ ತೂತು ಕೊರೆದು ಕಾಲಲ್ಲಿ ಒತ್ತುವ ಗಾಳಿ ಪಂಪಿನ ಟ್ಯೂಬು. ಗಾಳಿ ಒಳಗೆ ತುಂಬಿದಾಗ ರಬ್ಬರ್ ಕೂದಲೆಳೆಯಷ್ಟು ಮೇಲೇಳುತ್ತದೆ, ಗಾಳಿ ಪೈಪಿಗೆ ನುಗ್ಗುತ್ತದೆ, ರಬ್ಬರ್ ಮತ್ತೆ ಕೂರುತ್ತದೆ. ಕ್ಷಣಕ್ಕೆ ಹತ್ತಾರು ಸಲ ಹೀಗೆ ಆದಾಗ ಕೊಂಬು ಕೂಗುತ್ತದೆ. ಎಲ್ಲ ಕಸರತ್ತು ಇರುವುದು ಪೈಪಿನ ಬಾಯಿ ರಬ್ಬರನ್ನು ಎಷ್ಟು ಒತ್ತಬೇಕು ಅನ್ನುವುದರಲ್ಲಿ. ತಾಗದಿದ್ದರೆ ಬರೀ ಪುಸ್ ಅನ್ನುತ್ತದೆ. ಜಾಸ್ತಿ ಒತ್ತಿದರೆ ಉಸಿರೇ ಹೊರಡಲ್ಲ. ಎರಡು ಮಿಲಿಮೀಟರ್ ಉಬ್ಬಿದರೆ ಸರಿ. ಎಂ-ಸೀಲ್ ಒಣಗುವ ಮೊದಲೇ ಊದಿ ನೋಡಿ, ದನಿ ಹಿಡಿದ ಜಾಗಕ್ಕೆ ನಿಲ್ಲಿಸಬೇಕು. ನಾನು ಒಣಗಿದ ಮೇಲೆ ಊದಿದೆ. ಒಂದು ಪೈಪು ದಂಡ.

ಮೊದಲ ಸಲ ಸರಿಯಾಗಿ ಕೂಗಿದಾಗ ಪಕ್ಕದ ತೋಟದ ಎಮ್ಮೆ ತಿರುಗಿ ಕೂಗಿತು. ಮಕ್ಕಳು ಇವತ್ತಿಗೂ ಅದನ್ನೇ ಹೇಳಿಕೊಂಡು ನಗುತ್ತಾರೆ.

ಇನ್ನು ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಆಟದ ಮೈದಾನದಲ್ಲಿ ಕಬಡ್ಡಿ ಕೋರ್ಟಿಗೆ ಹಾಕುವ ಸುಣ್ಣದ ಪುಡಿಯಲ್ಲಿ ಬಾರಾಪಾಸಾರಸ್ ಟಾಗೋರಿ ಅನ್ನುವ ಡೈನೋಸಾರ್‌ನ ಪೂರ್ತಿ ಗಾತ್ರದ ಚಿತ್ರ ಬರೆದೆವು. ಸುಮಾರು 14 ಮೀಟರ್. ಗೋದಾವರಿ ಕಣಿವೆಯ ಈ ಪ್ರಾಣಿಗೆ 1975ರಲ್ಲಿ ಹೆಸರಿಟ್ಟಾಗ ರವೀಂದ್ರನಾಥ ಟಾಗೋರರನ್ನು ನೆನೆದರು. ಬಂಗಾಳಿಯಲ್ಲಿ ಬಾರಾ ಪಾ ಅಂದರೆ ದೊಡ್ಡ ಕಾಲು. ಹತ್ತು ಮಕ್ಕಳು ಸಾಲಾಗಿ ಮಲಗಿದರೂ ಬಾಲದ ತುದಿ ಮುಟ್ಟಲಿಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಸಿಕ್ಕ 256 ಡೈನೋಸಾರ್ ಮೊಟ್ಟೆಗಳ ಬಗ್ಗೆ 2023ರಲ್ಲಿ ವರದಿ ಬಂತಲ್ಲ, ಆ ಅಳತೆಯಲ್ಲಿ ಕಾಗದದ ಪಲ್ಪಿನ ಮೊಟ್ಟೆ ಮಾಡಿದೆವು, 15-17 ಸೆಂಟಿಮೀಟರ್. ಅಲ್ಲಿನ ಒಂದು ಹಳ್ಳಿಯವರು ಇಂಥ ಉರುಟು ಕಲ್ಲುಗಳನ್ನು ಹೊಲ ಕಾಯುವ ದೇವರು ಅಂತ ಪೂಜೆ ಮಾಡುತ್ತಿದ್ದರಂತೆ. ಸಾಲಿಗ್ರಾಮದ ಯಜಮಾನರಿಗೆ ಈ ವಿಷಯ ಹೇಳಿದೆ. "ತಪ್ಪೇನು?" ಅಂದರು. ದೀಪ ಹತ್ತುವ ಕ್ವಿಜ್ ಬೋರ್ಡೂ ಇದೆ. ಇಲಿ ಎರಡು ಸಲ ವೈರ್ ಕಡಿದಿದೆ. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ಕೋಣೆ ತೆರೆದು ಈಗ ನಾಲ್ಕು ತಿಂಗಳು. ರಿಪೇರಿ ಪುಸ್ತಕ ಇಟ್ಟಿದ್ದೇನೆ. ಕೊಂಬಿನ ಬಲೂನು ಎರಡು ಮೂರು ದಿನಕ್ಕೆ ಹರಿಯುತ್ತಿತ್ತು. ಈಗ ಡಾಕ್ಟರ್ ಕೈಗವಸಿನ ರಬ್ಬರ್ ಹಾಕುತ್ತೇನೆ, ಒಂದು ವಾರ ಬರುತ್ತದೆ. ಸೈಕಲ್ ಟ್ಯೂಬು ಹಾಕಿ ನೋಡಿದೆ, ದಪ್ಪ ಜಾಸ್ತಿ, ದನಿ ಬರಲ್ಲ. ಅಮ್ಮೋನೈಟ್ ಮೂವತ್ತರಲ್ಲಿ ಹನ್ನೊಂದು ಉಳಿದಿವೆ. ಆರು ಮುರಿದವು, ಉಳಿದವು ಎಲ್ಲಿ ಹೋದವು ಅಂತ ನಾನು ಕೇಳಿಲ್ಲ. ಒಂದು ಮಾತ್ರ ಒಬ್ಬನ ಮನೆಯ ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದೆ ಅಂತ ಸುದ್ದಿ.

ಬೇಲಿ ಕಲ್ಲಿಗೆ ಏನೂ ಆಗಿಲ್ಲ. ಅದರ ಮೇಲಿರುವ ಕೆಂಪು ನೂಲು ಮಾತ್ರ ಬಂದವರೆಲ್ಲ ಬೆರಳಿಟ್ಟು "ಇದೇ ನಾವಾ?" ಅಂತ ಉಜ್ಜಿ ಉಜ್ಜಿ ಸವೆದುಹೋಗುತ್ತದೆ. ಮೂರು ಸಲ ಬದಲಾಯಿಸಿದೆ. ನಾಳೆ ಮತ್ತೆ ಸುತ್ತಬೇಕು. ಮೇಜಿನ ಮೇಲೆ ನೂಲಿನ ಉಂಡೆ ತೆಗೆದಿಟ್ಟಿದ್ದೇನೆ.